ಪೀಣ್ಯದ ಶೆಡ್ಡಿನಲ್ಲಿ ಕಸುಬು ಬದಲಿಸಿದ ಅದಮಾರಿನ ರಾಯರು

ಹಳೆಯ ಎರಡು ರೂಪಾಯಿ ನೋಟು ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಹಲವು ಮುಖಗಳ ಒಂದು ಗುಂಡಗಿನ ಪೆಟ್ಟಿಗೆಯ ಚಿತ್ರವಿದೆ. ಅದು ಆರ್ಯಭಟ, ಭಾರತ ಕಟ್ಟಿದ ಮೊದಲ ಉಪಗ್ರಹ. ಅದು ಆಕಾಶಕ್ಕೆ ಹೋದದ್ದು 1975ರ ಏಪ್ರಿಲ್ 19ರಂದು, ಸೋವಿಯತ್ ರಷ್ಯಾದ ಕಪೂಸ್ತಿನ್ ಯಾರ್ ಎಂಬಲ್ಲಿಂದ. ಕಟ್ಟಿದ್ದು ಮಾತ್ರ ನಮ್ಮ ಬೆಂಗಳೂರಿನ ಪೀಣ್ಯದಲ್ಲಿ, ಆಸ್ಬೆಸ್ಟಾಸ್ ಶೀಟು ಹೊದಿಸಿದ ಕೈಗಾರಿಕಾ ಶೆಡ್ಡುಗಳಲ್ಲಿ.

ಇಷ್ಟನ್ನು ಶಾಲೆಯಲ್ಲಿ ಓದಿರುತ್ತೀರಿ. ನಾನು ಹೇಳಹೊರಟಿರುವುದು ಆ ಶೆಡ್ಡಿನಲ್ಲಿ ನಡೆದ ಇನ್ನೊಂದು ಬದಲಾವಣೆಯ ಬಗ್ಗೆ. ತನ್ನ ಕೈಯಿಂದ ಉಪಕರಣ ಮಾಡಿ ಹೆಸರು ಗಳಿಸಿದ್ದ ಒಬ್ಬ ಮನುಷ್ಯ, ಇನ್ನೊಬ್ಬರ ಕೈಯಿಂದ ಕೆಲಸ ಮಾಡಿಸುವ ಮನುಷ್ಯನಾದದ್ದು ಅಲ್ಲಿ. ಉಡುಪಿ ರಾಮಚಂದ್ರ ರಾವ್, ಎಲ್ಲರ ಬಾಯಲ್ಲಿ ಯು.ಆರ್. ರಾವ್.

ಮೊದಲು ನಮ್ಮೂರಿನ ಒಂದು ಮಾತು. ಗಾರೆ ಕೆಲಸದಲ್ಲಿ ಯಾರ ಕೈ ಚೆನ್ನಾಗಿದೆಯೋ ಅವನನ್ನೇ ಮೇಸ್ತ್ರಿ ಮಾಡುತ್ತಾರೆ. ಮೊದಲ ಕೆಲವು ದಿನ ಅವನ ಕೈ ಸುಮ್ಮನಿರುವುದಿಲ್ಲ. ಹುಡುಗರು ಕಟ್ಟಿದ ಗೋಡೆ ಸೊಟ್ಟ ಕಂಡರೆ ಕರಣೆ ಕಿತ್ತುಕೊಂಡು ತಾನೇ ಶುರು ಮಾಡುತ್ತಾನೆ. ಆ ಗೋಡೆ ನೆಟ್ಟಗಾಗುತ್ತದೆ, ಸರಿ. ಅಷ್ಟರಲ್ಲಿ ಆಚೆ ಕಂಬಿ ಕಟ್ಟುವವರು ಅಳತೆ ಗೊತ್ತಾಗದೆ ಕೂತಿರುತ್ತಾರೆ, ಸಿಮೆಂಟು ತರಲು ಯಾರೂ ಹೋಗಿರುವುದಿಲ್ಲ, ಆ ಹುಡುಗನಿಗೆ ಗೋಡೆ ಕಟ್ಟಲು ನಾಳೆಯೂ ಬರುವುದಿಲ್ಲ. ನಮ್ಮ ಪತ್ರಿಕೆ ಕಸುಬಿನಲ್ಲೂ ಇದೇ ಕತೆ. ಒಳ್ಳೆಯ ವರದಿಗಾರನನ್ನು ಬ್ಯೂರೋ ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವನು ಎಲ್ಲರ ಸುದ್ದಿಯನ್ನೂ ತಾನೇ ತಿದ್ದಿ ಬರೆಯುತ್ತಾ ರಾತ್ರಿ ಹನ್ನೊಂದು ಮಾಡುತ್ತಾನೆ. ನಾವು ಇದನ್ನು ಬಡ್ತಿ ಎನ್ನುತ್ತೇವೆ. ನನಗೆ ಅನಿಸುವುದು, ಇದು ಬಡ್ತಿಯಲ್ಲ, ಕಸುಬನ್ನೇ ಬದಲಿಸುವುದು. ಹಳೆಯ ಕಸುಬಿನಲ್ಲಿ ಗೆಲುವು ಎನಿಸಿಕೊಂಡದ್ದು ಹೊಸದರಲ್ಲಿ ಲೆಕ್ಕಕ್ಕೇ ಬರದೆ ಹೋಗಬಹುದು. ರಾಯರ ಬದುಕಿನಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ.

ರಾಯರು ಹುಟ್ಟಿದ್ದು 1932ರ ಮಾರ್ಚ್ 10ರಂದು, ಉಡುಪಿ ಸೀಮೆಯ ಅದಮಾರಿನಲ್ಲಿ. ಕಾಪುವಿಗೂ ಪಡುಬಿದ್ರಿಗೂ ನಡುವೆ ಹೆದ್ದಾರಿಯಿಂದ ಒಳಗೆ ಹೋದರೆ ಸಿಗುವ ಊರು, ಅಷ್ಟಮಠಗಳಲ್ಲಿ ಒಂದರ ಹೆಸರಿನ ಊರು. ಶಾಲೆ ಅಲ್ಲೇ, ಹೈಸ್ಕೂಲು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು. ಆಮೇಲೆ ಬಳ್ಳಾರಿ, ಅನಂತಪುರ, ಎಂ.ಎಸ್ಸಿ.ಗೆ ಕಾಶಿ. ಅಲ್ಲಿಂದ ಅಹಮದಾಬಾದಿಗೆ ಹೋಗಿ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ಸಂಶೋಧನೆ. ವಿಷಯ ವಿಶ್ವಕಿರಣ, ಅಂದರೆ ಆಕಾಶದ ಆಳದಿಂದ ಭೂಮಿಯ ಮೇಲೆ ಸದಾ ಬಂದು ಬೀಳುತ್ತಿರುವ ಕಣ್ಣಿಗೆ ಕಾಣದ ಕಣಗಳ ಮಳೆ. 1960ರಲ್ಲಿ ಪಿಎಚ್.ಡಿ. ಮುಗಿಯಿತು.

ಅಲ್ಲಿಂದ ಅಮೆರಿಕ. ಮೊದಲು ಬಾಸ್ಟನ್ ಬಳಿಯ ಎಂಐಟಿ, ಆಮೇಲೆ ಟೆಕ್ಸಾಸಿನ ಡಲ್ಲಾಸ್. ಸೂರ್ಯನಿಂದ ಕಣಗಳ ಗಾಳಿಯೊಂದು ಬೀಸುತ್ತಲೇ ಇರುತ್ತದೆ, ಅದಕ್ಕೆ ಸೌರಮಾರುತ ಎನ್ನುತ್ತಾರೆ. ಅದು ಆಗೊಮ್ಮೆ ಈಗೊಮ್ಮೆ ಬೀಸುವುದಲ್ಲ, ಬಿಡದೆ ಬೀಸುವುದು ಎಂದು ಮ್ಯಾರಿನರ್ 2 ನೌಕೆ ಕಳಿಸಿದ ಮಾಹಿತಿಯಿಂದ ತೋರಿಸಿಕೊಟ್ಟವರಲ್ಲಿ ರಾಯರೂ ಒಬ್ಬರು. ನಾಸಾದ ಪಯೋನಿಯರ್ ಸರಣಿಯ ನೌಕೆಗಳಲ್ಲಿ ವಿಶ್ವಕಿರಣ ಅಳೆಯುವ ಪ್ರಯೋಗಗಳನ್ನು ನಡೆಸಿದವರಲ್ಲೂ ಅವರಿದ್ದರು. ಅಂದರೆ ಮೂವತ್ತು ದಾಟಿದ ಕೆಲವೇ ವರ್ಷಗಳಲ್ಲಿ, ಸೂರ್ಯನನ್ನು ಸುತ್ತುವ ನೌಕೆಗಳ ಹೊಟ್ಟೆಯಲ್ಲಿ ಅದಮಾರಿನ ಹುಡುಗನ ಪ್ರಯೋಗ ನಡೆಯುತ್ತಿತ್ತು.

1966ರಲ್ಲಿ ಅಹಮದಾಬಾದಿಗೆ ವಾಪಸು ಬಂದರು. ಆಗಲೂ ಅವರು ಪ್ರಯೋಗ ಮಾಡುವ ವಿಜ್ಞಾನಿಯೇ. ನಮ್ಮದೇ ಉಪಗ್ರಹ ಕಟ್ಟುವ ಯೋಜನೆ ಮಾಡು ಎಂದು ಸಾರಾಭಾಯಿ ಅವರು ಹೇಳಿದ್ದು ಈ ಮನುಷ್ಯನಿಗೆ. 1971ರ ಡಿಸೆಂಬರ್ 30ರಂದು ಸಾರಾಭಾಯಿ ಹಠಾತ್ತನೆ ತೀರಿಕೊಂಡರು. 1972ರ ಮೇ ತಿಂಗಳಲ್ಲಿ ಸೋವಿಯತ್ ವಿಜ್ಞಾನ ಅಕಾಡೆಮಿಯ ಜೊತೆ ಒಪ್ಪಂದವಾಯಿತು: ಉಪಗ್ರಹ ನೀವು ಕಟ್ಟಿ, ನಮ್ಮ ರಾಕೆಟ್ಟಿನಲ್ಲಿ ನಾವು ಹಾರಿಸುತ್ತೇವೆ. ಅದೇ ವರ್ಷ ಸತೀಶ್ ಧವನ್ ಇಸ್ರೊ ಅಧ್ಯಕ್ಷರಾದರು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ ನಿರ್ದೇಶಕರಾಗಿದ್ದರು. ಅದನ್ನು ಬಿಡುವುದಿಲ್ಲ, ಇಸ್ರೊ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇರಬೇಕು ಎಂದು ಹೇಳಿಯೇ ಒಪ್ಪಿಕೊಂಡವರು. ಎಚ್‌ಎಎಲ್, ಬಿಇಎಲ್‌ನಂಥ ಕಾರ್ಖಾನೆಗಳು ಊರಲ್ಲೇ ಇದ್ದವು. ಉಪಗ್ರಹದ ಕೆಲಸ ಪೀಣ್ಯಕ್ಕೆ ಬಂತು.

ಈಗ ರಾಯರ ಎದುರಿಗಿದ್ದದ್ದು ಏನು ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಪಯೋನಿಯರ್ ನೌಕೆಯಲ್ಲಿ ರಾಯರದ್ದು ಒಂದು ಉಪಕರಣ ಮಾತ್ರ. ನೌಕೆಗೆ ಕರೆಂಟು ಎಲ್ಲಿಂದ, ಬಿಸಿಲಿಗೆ ಅದು ಕಾಯದಂತೆ ನೋಡಿಕೊಳ್ಳುವವರು ಯಾರು, ಮಾಹಿತಿ ಭೂಮಿಗೆ ಹೇಗೆ ಬರುತ್ತದೆ ಎಂಬುದೆಲ್ಲ ಬೇರೆಯವರ ತಲೆನೋವು. ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹಿಡಿದ ಹಾಗೆ. ಪೀಣ್ಯದಲ್ಲಿ ಪಾಯದಿಂದ ಹೆಂಚಿನವರೆಗೆ ಇಡೀ ಮನೆ ಕಟ್ಟಬೇಕು. ಉಪಗ್ರಹದ ಕೆಲಸವನ್ನು ಹತ್ತಿರದಿಂದ ಬಲ್ಲವರು ಅಲ್ಲಿ ಹೆಚ್ಚು ಕಡಿಮೆ ಅವರೊಬ್ಬರೇ. ಸುತ್ತ ಇದ್ದವರಲ್ಲಿ ಹೆಚ್ಚಿನವರು ಕಾಲೇಜು ಮುಗಿಸಿ ಬಂದ ಹುಡುಗರು, ಹುಡುಗಿಯರು. ಚೆನ್ನಾಗಿ ಓದಿದ್ದರು, ಆದರೆ ಉಪಗ್ರಹವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದವರು.

ಎಲ್ಲರಿಗಿಂತ ಹೆಚ್ಚು ಗೊತ್ತಿರುವವನು ಮುಖ್ಯಸ್ಥನಾದರೆ ಅಪಾಯ ಇರುವುದು ಇಲ್ಲೇ. ಎಲ್ಲವನ್ನೂ ನಾನೇ ಮಾಡಿಬಿಟ್ಟರೆ ಬೇಗ ಆಗುತ್ತದೆ ಎಂದು ಅನ್ನಿಸುತ್ತದೆ. ಒಂದು ಉಪಕರಣದ ಮಟ್ಟಿಗೆ ಆಗಲೂಬಹುದು. 360 ಕಿಲೋ ತೂಕದ, 26 ಮುಖಗಳ, ಸಾವಿರಾರು ಬಿಡಿಭಾಗಗಳ ಒಂದು ವಸ್ತುವನ್ನು ಮೂರು ವರ್ಷದೊಳಗೆ ಒಬ್ಬನೇ ಮಾಡಲು ಆಗುವುದಿಲ್ಲ. ಕೆಲಸ ಹಂಚಲೇಬೇಕು. ಕರೆಂಟಿನ ತಂಡ, ಬಿಸಿ ತಂಪು ನೋಡುವ ತಂಡ, ಮಾಹಿತಿ ಕಳಿಸುವ ತಂಡ, ಆಜ್ಞೆ ಸ್ವೀಕರಿಸುವ ತಂಡ, ಉಪಗ್ರಹವನ್ನು ಬುಗುರಿಯಂತೆ ತಿರುಗಿಸುತ್ತಾ ನೆಟ್ಟಗೆ ನಿಲ್ಲಿಸುವ ತಂಡ.

ಹಂಚಿದ ಮೇಲೆ ಜಗಳ ಶುರುವಾಗುವುದು ತಂಡಗಳ ನಡುವೆ. ಆರ್ಯಭಟಕ್ಕೆ ಸೌರಕೋಶಗಳಿಂದ ಸಿಗುತ್ತಿದ್ದ ವಿದ್ಯುತ್ತು 46 ವ್ಯಾಟ್. ನಮ್ಮ ಅಜ್ಜಿಯ ಕಾಲದ ‘ನಲವತ್ತು ಕ್ಯಾಂಡ್ಲು’ ಬಲ್ಬಿಗಿಂತ ಚೂರು ಹೆಚ್ಚು, ಅಷ್ಟೇ. ಅಷ್ಟರಲ್ಲಿ ಇಡೀ ಉಪಗ್ರಹ ನಡೆಯಬೇಕು. ಒಂದೇ ಬಾವಿ, ನಾಲ್ಕು ಅಣ್ಣತಮ್ಮಂದಿರ ತೋಟ ಎಂದುಕೊಳ್ಳಿ. ಒಬ್ಬ ಅರ್ಧ ಗಂಟೆ ಪಂಪು ಹೆಚ್ಚು ಓಡಿಸಿದರೆ ಇನ್ನೊಬ್ಬನ ಅಡಿಕೆ ಒಣಗುತ್ತದೆ. ತೂಕದ್ದೂ ಇದೇ ಲೆಕ್ಕ, ಜಾಗದ್ದೂ ಇದೇ ಲೆಕ್ಕ. ಹೀಗಾಗಿ ಮುಖ್ಯಸ್ಥನ ಕೆಲಸ ಒಂದೊಂದು ಭಾಗವನ್ನೂ ಚೆಂದ ಮಾಡುವುದಲ್ಲ. ಭಾಗಕ್ಕೂ ಭಾಗಕ್ಕೂ ನಡುವಿನ ಬದುವನ್ನು ಕಾಯುವುದು. ಯಾರಿಗೆ ಎಷ್ಟು ಎಂದು ಹೇಳುವುದು, ಹೇಳಿದ ಮೇಲೆ ಅದಕ್ಕೆ ಅಂಟಿಕೊಳ್ಳುವುದು, ಪ್ರತಿ ಹಂತದಲ್ಲೂ ಪರೀಕ್ಷೆ ಮಾಡಿಸಿ ತಪ್ಪು ಭೂಮಿಯ ಮೇಲೆ ಇರುವಾಗಲೇ ಹೊರಬರುವಂತೆ ಮಾಡುವುದು. ಕೈಯಲ್ಲಿ ಕರಣೆಯ ಬದಲು ರಸಮಟ್ಟ.

ಇನ್ನೊಂದು ಕೆಲಸವಿದೆ, ಅದರಲ್ಲಿ ದೊಡ್ಡಸ್ತಿಕೆ ಏನೂ ಕಾಣುವುದಿಲ್ಲ: ಏನು ಮಾಡಬಾರದು ಎಂದು ತೀರ್ಮಾನಿಸುವುದು. ಸೌರಕೋಶ, ಬ್ಯಾಟರಿ, ಟೇಪ್ ರೆಕಾರ್ಡರ್ ಸೋವಿಯತ್ತಿನಿಂದ ಬಂದವು. ಎಲ್ಲವೂ ನಮ್ಮದೇ ಆಗಬೇಕು ಎಂದು ಹಟ ಹಿಡಿದಿದ್ದರೆ 1975 ಅಲ್ಲ, 1980ಕ್ಕೂ ಹಾರುತ್ತಿತ್ತೋ ಇಲ್ಲವೋ. ಉಳಿದದ್ದನ್ನು ನಮ್ಮ ಹುಡುಗರು ಕಲಿತು ಮಾಡಿದರು. ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಮಾಹಿತಿ ಪಡೆಯುವ ಕೋಣೆಯಾಗಿ ಬದಲಿಸಿಕೊಂಡದ್ದನ್ನು ಇಸ್ರೊದ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಜನ ಇದನ್ನು ಬಡತನದ ಕತೆಯಾಗಿ ಹೇಳುತ್ತಾರೆ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಗೊತ್ತಿದ್ದವರ ಕತೆಯಾಗಿ ನನಗೆ ಅದು ಕಾಣುತ್ತದೆ.

ಉಪಗ್ರಹಕ್ಕೆ ಮೂರು ಹೆಸರು ಸೂಚಿಸಿದ್ದರು: ಮೈತ್ರಿ, ಜವಾಹರ್, ಆರ್ಯಭಟ. ಇಂದಿರಾ ಗಾಂಧಿ ಆರ್ಯಭಟವನ್ನು ಆರಿಸಿದರು.

ಏಪ್ರಿಲ್ 19ರಂದು ಹಾರಿತು. ಭೂಮಿಯಿಂದ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ, 96 ನಿಮಿಷಕ್ಕೆ ಒಂದು ಸುತ್ತು. ಒಳಗೆ ಮೂರು ವೈಜ್ಞಾನಿಕ ಪ್ರಯೋಗಗಳಿದ್ದವು. ಕ್ಷ-ಕಿರಣ ಸೂಸುವ ನಕ್ಷತ್ರಗಳದ್ದು ಒಂದು, ಸೂರ್ಯನದ್ದು ಒಂದು, ಮೇಲಿನ ವಾತಾವರಣದ್ದು ಒಂದು. ಐದನೇ ದಿನದ ಹೊತ್ತಿಗೆ ಆ ಪ್ರಯೋಗಗಳಿಗೆ ಹೋಗುವ ವಿದ್ಯುತ್ ಸರಬರಾಜು ಕೈಕೊಟ್ಟಿತು. ಮೂರನ್ನೂ ನಿಲ್ಲಿಸಬೇಕಾಯಿತು.

ಇದೇ ಈ ಕತೆಯ ನಡುಗಂಬ ಎಂದು ನನಗೆ ಅನಿಸುತ್ತದೆ. ಹತ್ತು ವರ್ಷದ ಹಿಂದಿನ ರಾಯರಾಗಿದ್ದರೆ ಅದು ಪೂರ್ತಿ ಸೋಲು. ಉಪಕರಣ ಕಟ್ಟುವವನಿಗೆ ಬೇಕಾದದ್ದು ಮಾಹಿತಿ. ಐದು ದಿನದ ಮಾಹಿತಿ ಇಟ್ಟುಕೊಂಡು ಏನು ಬರೆಯುವುದು? ಅದೂ ಸತ್ತದ್ದು ಯಾವುದು, ಅವರ ಪ್ರೀತಿಯ ವಿಷಯವಾದ ವಿಜ್ಞಾನದ ಭಾಗವೇ. ಆದರೆ ಉಪಗ್ರಹದ ಮೈ ಜೀವಂತವಾಗಿತ್ತು. ತಿರುಗುತ್ತಿತ್ತು, ಬಿಸಿ ತಂಪು ಸರಿಯಾಗಿ ಇತ್ತು, ಶ್ರೀಹರಿಕೋಟದಿಂದ ಹೇಳಿದ ಮಾತು ಕೇಳುತ್ತಿತ್ತು, ತನ್ನ ಆರೋಗ್ಯದ ವರದಿ ಕಳಿಸುತ್ತಿತ್ತು. ಅದರ ಮುಖ್ಯ ಭಾಗ 1981ರ ಮಾರ್ಚ್‌ವರೆಗೂ ಕೆಲಸ ಮಾಡಿತು. ಪೀಣ್ಯದ ಹುಡುಗರು ಮೂರು ವರ್ಷದ ಹಿಂದೆ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವರು, ಈಗ ಉಪಗ್ರಹ ನಡೆಸುತ್ತಿದ್ದರು. ತಂಡದ ಮುಖ್ಯಸ್ಥನ ಲೆಕ್ಕದಲ್ಲಿ ಅದು ಗೆಲುವು. ಮನುಷ್ಯ ಒಬ್ಬನೇ, ದಿನ ಅದೇ, ಎರಡು ಲೆಕ್ಕ. ಇವುಗಳಲ್ಲಿ ಯಾವುದನ್ನು ಹಿಡಿಯುತ್ತಾನೆ ಎಂಬುದರಿಂದಲೇ ಅವನು ಕಸುಬು ಬದಲಿಸಿದ್ದಾನೋ ಇಲ್ಲವೋ ತಿಳಿಯುತ್ತದೆ.

ರಾಯರು ಯಾವುದನ್ನು ಹಿಡಿದರು ಎಂಬುದಕ್ಕೆ ಮುಂದಿನ ಉಪಗ್ರಹವೇ ಸಾಕ್ಷಿ. ಆರ್ಯಭಟದ ಅದೇ 26 ಮುಖದ ಮೈಯನ್ನು ಆಧಾರ ಮಾಡಿಕೊಂಡು ಭಾಸ್ಕರ ಕಟ್ಟಿದರು. ಈ ಸಲ ಹೊಟ್ಟೆಯಲ್ಲಿ ನಕ್ಷತ್ರ ನೋಡುವ ಉಪಕರಣಕ್ಕೆ ಮೊದಲ ಮಣೆ ಇರಲಿಲ್ಲ. ನೆಲ ನೋಡುವ ಟಿವಿ ಕ್ಯಾಮೆರಾಗಳು, ಸಮುದ್ರ ನೋಡುವ ರೇಡಿಯೋಮೀಟರ್ ಬಂದವು. ಕಾಡೆಷ್ಟು, ನೀರೆಲ್ಲಿ ಎಂದು ಹೇಳುವ ಕೆಲಸ.

ಇನ್ನೂ ಮುಖ್ಯವಾದ ವಿಷಯ, ಭಾಸ್ಕರದ ಯೋಜನಾ ನಿರ್ದೇಶಕರು ರಾಯರಲ್ಲ. ಕೆ. ಕಸ್ತೂರಿರಂಗನ್. ಅವರೂ ಅಹಮದಾಬಾದಿನಲ್ಲೇ ಕಲಿತವರು, ಅವರೂ ಪ್ರಯೋಗದ ಕೈಯಿಂದ ಬಂದವರು. ಮೇಸ್ತ್ರಿ ಈಗ ಇನ್ನೊಬ್ಬ ಮೇಸ್ತ್ರಿಯನ್ನು ಬೆಳೆಸುತ್ತಿದ್ದ. ಕೈ ಕೆಲಸ ಬಿಡುವುದಕ್ಕಿಂತ ಕಷ್ಟದ ಹಂತ ಇದು. ಮೊದಲು ಕರಣೆ ಬಿಟ್ಟದ್ದಾಯಿತು, ಈಗ ರಸಮಟ್ಟವನ್ನೂ ಕೊಟ್ಟುಬಿಡಬೇಕು.

ಭಾಸ್ಕರ 1979ರ ಜೂನ್ 7ರಂದು ಹಾರಿತು. ಹಾರಿದ ಮೇಲೆ ಕ್ಯಾಮೆರಾದಲ್ಲಿ ತೊಂದರೆ ಕಾಣಿಸಿಕೊಂಡಿತು. ಒಳಗೆ ಸಿಕ್ಕಿಕೊಂಡಿದ್ದ ಗಾಳಿಯಿಂದ ಹೆಚ್ಚು ವೋಲ್ಟೇಜಿನ ಕಡೆ ಕಿಡಿ ಹಾರುವ ಭಯ. ಆಕಾಶಕ್ಕೆ ಏಣಿ ಹಾಕಿ ರಿಪೇರಿ ಮಾಡಲು ಆಗುವುದಿಲ್ಲವಲ್ಲ. ಕ್ಯಾಮೆರಾ ಹಾಕದೆ ಕಾದರು. ಸುಮಾರು ಒಂದು ವರ್ಷದ ಮೇಲೆ, 1980ರ ಮೇ ತಿಂಗಳ ಹೊತ್ತಿಗೆ ಅದು ಕೆಲಸಕ್ಕೆ ಬಂತು. ದಿನಕ್ಕೆ ಹತ್ತು ಸಲ ಸ್ವಿಚ್ಚು ಒತ್ತಿ ನೋಡೋಣ ಎನ್ನುವ ಕೈಯನ್ನು ಹಿಡಿದು ನಿಲ್ಲಿಸುವುದೂ ಮುಖ್ಯಸ್ಥನ ಕೆಲಸವೇ. ಆ ಕ್ಯಾಮೆರಾ ಕೆಲಸದಲ್ಲಿ ಇದ್ದವರಲ್ಲಿ ಅಹಮದಾಬಾದ್ ಕೇಂದ್ರದ ಒಬ್ಬ ಯುವಕರಿದ್ದರು, ಹಾಸನ ಜಿಲ್ಲೆಯ ಆಲೂರಿನವರು. ಎ.ಎಸ್. ಕಿರಣ್ ಕುಮಾರ್. 2015ರಲ್ಲಿ ಇಸ್ರೊ ಅಧ್ಯಕ್ಷರಾದರು.

ಆಮೇಲೆ ಬಂದದ್ದು ಆಪಲ್ ಎಂಬ ಸಂಪರ್ಕ ಉಪಗ್ರಹ. ಇದರ ಯೋಜನಾ ನಿರ್ದೇಶಕರು ಆರ್.ಎಂ. ವಾಸಗಂ. ಎತ್ತಿನ ಗಾಡಿಯ ಮೇಲೆ ಉಪಗ್ರಹ ಇಟ್ಟಿರುವ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ, ಅದು ಇದೇ. ‘ಪಾಪ, ಲಾರಿಗೂ ಗತಿ ಇರಲಿಲ್ಲ’ ಎಂದು ಬರೆದು ಹಂಚುತ್ತಾರೆ. ವಿಷಯ ಹಾಗಲ್ಲ. ಉಪಗ್ರಹದ ಆಂಟೆನಾ ಪರೀಕ್ಷೆ ಮಾಡುವಾಗ ಅಡಿಯಲ್ಲಿ ಕಬ್ಬಿಣದ ಲಾರಿ ಇದ್ದರೆ ರೇಡಿಯೋ ಅಲೆಗಳು ಅದಕ್ಕೆ ಬಡಿದು ವಾಪಸು ಬರುತ್ತವೆ, ಅಳತೆ ಕೆಡುತ್ತದೆ. ಮರದ ಗಾಡಿ, ಬಯಲು ಜಾಗ ಇದ್ದರೆ ಆ ತೊಂದರೆ ಇಲ್ಲ. ಆ ಗಾಡಿ ಲೆಕ್ಕ ಹಾಕಿ ತಂದ ಗಾಡಿ.

ಆಪಲ್ 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ ಹೋಯಿತು. ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ಒಂದು ರೆಕ್ಕೆ ಮುರಿದ ಹಕ್ಕಿ. ಸಿಗುವ ಅರ್ಧ ವಿದ್ಯುತ್ತಿನಲ್ಲೇ ಹೊಂದಿಸಿಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನಡೆಸಿದರು. ಆರ್ಯಭಟದ 46 ವ್ಯಾಟಿನಲ್ಲಿ ಮನೆ ನಡೆಸಿ ಪಳಗಿದ ಊರಿನವರಿಗೆ ಅರ್ಧ ಹೊಟ್ಟೆಯ ಲೆಕ್ಕ ಹೊಸದೇನಲ್ಲ.

1984ರಲ್ಲಿ ಧವನ್ ನಂತರ ರಾಯರು ಇಸ್ರೊ ಅಧ್ಯಕ್ಷರಾದರು. ಇಲ್ಲಿ ಮೂರನೇ ಸಲ ಕಸುಬು ಬದಲು. ಉಪಗ್ರಹವಾದರೆ ಒಂದೊಂದು ತಿರುಪೂ ಗೊತ್ತು. ರಾಕೆಟ್ಟು ಅವರ ಕೈಯ ಕೆಲಸ ಆಗಿರಲಿಲ್ಲ. ಆದರೆ ಈಗ ಅದಕ್ಕೂ ಅವರೇ ಹೊಣೆ. 1987ರ ಮಾರ್ಚ್ 24ರಂದು ಎಎಸ್‌ಎಲ್‌ವಿ ಎಂಬ ಹೊಸ ರಾಕೆಟ್ಟು ಹಾರಿ ಸಮುದ್ರಕ್ಕೆ ಬಿತ್ತು. ಮೊದಲ ಹಂತ ಹೊತ್ತಿಕೊಳ್ಳಲೇ ಇಲ್ಲ. 1988ರ ಜುಲೈ 13ರಂದು ಎರಡನೆಯದೂ ಬಿತ್ತು. ತಾನು ಮಾಡದ ಕೆಲಸಕ್ಕೆ, ತನ್ನ ಕೈಯಿಂದ ತಿದ್ದಲಾಗದ ಕೆಲಸಕ್ಕೆ ಎದ್ದು ನಿಂತು ಉತ್ತರ ಕೊಡಬೇಕು. ಪತ್ರಿಕೆಗಳಲ್ಲಿ ಗೇಲಿ, ದೆಹಲಿಯಲ್ಲಿ ಪ್ರಶ್ನೆ. ಇಂಥ ಹೊತ್ತಿನಲ್ಲಿ ಸಿಟ್ಟು ಮಾಡಿಕೊಂಡು ನಾಲ್ಕು ಜನರನ್ನು ಎತ್ತಂಗಡಿ ಮಾಡುವುದು ಸುಲಭ. ನಮ್ಮ ತಾಲೂಕು ಕಚೇರಿಗಳಲ್ಲಿ ದಿನಾ ನೋಡುತ್ತೇವಲ್ಲ. ಇಸ್ರೊ ಮಾಡಿದ್ದು ಬೇರೆ. ಹೊರಗಿನ ತಜ್ಞರನ್ನೂ ಕೂರಿಸಿ ತಪ್ಪು ಹುಡುಕಿಸಿತು, ಹಾರುವ ರೀತಿಯನ್ನು ತಿದ್ದಿಸಿತು. ನಾಲ್ಕು ವರ್ಷ ಹಿಡಿಯಿತು. 1992ರ ಮೇ 20ರಂದು ಮೂರನೆಯದು ಗೆದ್ದಿತು.

ಆ ನಡುವೆಯೇ, 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಹಾರಿತ್ತು, ಭಾಸ್ಕರದಲ್ಲಿ ಕಲಿತದ್ದರ ಫಲ. ನಮ್ಮ ಕೆರೆ, ಕಾಡು, ಬೆಳೆಯ ನಕ್ಷೆಗಳನ್ನು ಉಪಗ್ರಹದ ಚಿತ್ರ ನೋಡಿ ಮಾಡುವ ಪದ್ಧತಿ ಆ ಸಾಲಿನ ಉಪಗ್ರಹಗಳಿಂದ ಬಲವಾಯಿತು.

1993ರ ಸೆಪ್ಟೆಂಬರ್ 20ರಂದು ಪಿಎಸ್‌ಎಲ್‌ವಿ ಮೊದಲ ಸಲ ಹಾರಿ ಸೋತಿತು. 1994ರಲ್ಲಿ ರಾಯರು ಅಧ್ಯಕ್ಷ ಸ್ಥಾನದಿಂದ ಇಳಿದರು, ಕಸ್ತೂರಿರಂಗನ್ ಬಂದರು. ಪಿಎಸ್‌ಎಲ್‌ವಿ ಗೆದ್ದದ್ದು ಆ ವರ್ಷದ ಅಕ್ಟೋಬರ್ 15ರಂದು. ಆ ರಾಕೆಟ್ಟಿನ ಎಷ್ಟೋ ವರ್ಷದ ಕೆಲಸ ನಡೆದದ್ದು ರಾಯರ ಕಾಲದಲ್ಲಿ. ಗೆಲುವಿನ ದಿನ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಅವರು ಬೆಳೆಸಿದ ಮೇಸ್ತ್ರಿ.

ಇಲ್ಲಿಗೆ ಕತೆ ಮುಗಿಸಬಹುದಿತ್ತು. ಆದರೆ ಅಧಿಕಾರ ಬಿಟ್ಟ ಮೇಲೆ ರಾಯರು ಎಲ್ಲಿಗೆ ಹೋದರು ಎಂಬುದು ನನಗೆ ಕುತೂಹಲ. 2011ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಬೆಂಗಳೂರಿನಿಂದ ಬರುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಬರೆದರು. ಭೂಮಿ ಬಿಸಿಯಾಗುವುದರಲ್ಲಿ ವಿಶ್ವಕಿರಣದ ಪಾಲೆಷ್ಟು ಎಂಬುದು ವಿಷಯ. ಅವರ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಚರ್ಚೆಯಾಯಿತು. ವಿಷಯ ಮಾತ್ರ ಅಹಮದಾಬಾದಿನಲ್ಲಿ ಸಾರಾಭಾಯಿ ಅವರ ಬಳಿ ಕೈಗೆತ್ತಿಕೊಂಡಿದ್ದ ಅದೇ ವಿಶ್ವಕಿರಣ.

2017ರ ಜುಲೈ 24ರಂದು ರಾಯರು ತೀರಿಕೊಂಡರು. ಮರುವರ್ಷ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಅವರ ಹೆಸರಿಟ್ಟರು. ಸೂರ್ಯನನ್ನು ನೋಡಲೆಂದೇ ಕಟ್ಟಿದ ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು. ಅದರಲ್ಲಿ ಸೌರಮಾರುತದ ಕಣಗಳನ್ನು ಅಳೆಯುವ ಆಸ್ಪೆಕ್ಸ್ ಎಂಬ ಉಪಕರಣವಿದೆ. ಅದನ್ನು ಮಾಡಿದ್ದು ಅಹಮದಾಬಾದಿನ ಅದೇ ಪ್ರಯೋಗಾಲಯ.